ಬಫಲೋ ಬೇಟೆಗೆ ಮಜಲ್‌ಲೋಡರ್: ಎಷ್ಟು ಕ್ಯಾಲಿಬರ್ ಇದ್ದರೆ ಸಾಕು?

ಅಮೆರಿಕದಲ್ಲಿ ನೆಲೆಸಿ ಬೇಟೆಯ ಹವ್ಯಾಸ ಹಚ್ಚಿಕೊಂಡಿರುವ ಕನ್ನಡಿಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ಜಿಂಕೆ ಬೇಟೆಗೆಂದು ಕೊಂಡ .50 ಮಜಲ್‌ಲೋಡರ್ ಮನೆಯಲ್ಲಿದೆ, ಅದರಲ್ಲೇ ಬಫಲೋ ಹೊಡೆಯಬಹುದೇ?" ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನಲ್ಲಿ ಇದಕ್ಕೆ ಉತ್ತರ ಹೇಳಿದರೆ ಕೇಳಿದವರನ್ನು ದಾರಿ ತಪ್ಪಿಸಿದಂತಾಗುತ್ತದೆ, ಏಕೆಂದರೆ ಅದೇ ಕೋವಿ ಒಂದು ಬಗೆಯ ಗುಂಡಿನೊಂದಿಗೆ ಈ ಕೆಲಸಕ್ಕೆ ಸಾಕಾಗುತ್ತದೆ, ಇನ್ನೊಂದು ಬಗೆಯ ಗುಂಡಿನೊಂದಿಗೆ ಖಂಡಿತ ಸಾಲದು. ಅದಕ್ಕಾಗಿ ಕ್ಯಾಲಿಬರ್, ಅಂದರೆ ನಳಿಗೆಯ ಒಳವ್ಯಾಸದ, ಆಯ್ಕೆಗೆ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮಜಲ್‌ಲೋಡರ್ ಎಂದರೆ ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಂದಲೇ ತುಂಬಿ, ಗಜ ಎಂಬ ಉದ್ದ ಸಲಾಕೆಯಿಂದ ಗಿಡಿದು ಹೊಡೆಯುವ ಕೋವಿ. ನಮ್ಮ ಮಲೆನಾಡಿನ ಮತ್ತು ಕೊಡಗಿನ ಹಳೆಯ ಮನೆಗಳಲ್ಲಿ ಗೋಡೆಗೆ ತೂಗುಹಾಕಿರುತ್ತಿದ್ದ ಕೇಪಿನ ಕೋವಿ ಈ ಜಾತಿಯದೇ. ಇನ್ನು ಬಫಲೋ ಎಂದು ಅಮೆರಿಕದವರು ಕರೆಯುವುದು ಎಮ್ಮೆಯನ್ನೂ ಅಲ್ಲ, ನಮ್ಮ ಕಾಟಿಯನ್ನೂ ಅಲ್ಲ. ಅದು ಅಲ್ಲಿನ ಹುಲ್ಲುಗಾವಲಿನ ಬೈಸನ್. ಕಾಟಿಯನ್ನೂ ಬೈಸನ್ ಎಂದು ಕರೆಯುವ ರೂಢಿ ನಮ್ಮಲ್ಲಿ ಇರುವುದರಿಂದ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಕಾಟಿಯನ್ನು ಬೇಟೆಯಾಡುವುದು ಭಾರತದಲ್ಲಿ ಗಂಭೀರ ಅಪರಾಧವಾಗಿದ್ದು, ಈ ಲೇಖನದ ಯಾವ ಸಾಲೂ ಅದಕ್ಕೆ ಅನ್ವಯಿಸುವುದಿಲ್ಲ. ಇಲ್ಲಿ ಹೇಳಿರುವುದೆಲ್ಲ ಅಮೆರಿಕದಲ್ಲಿ ಪರವಾನಗಿ ಪಡೆದು, ಸರ್ಕಾರಿ ಪರ್ಮಿಟ್ಟಿನ ಮೇಲೆ ಅಥವಾ ಖಾಸಗಿ ರ‍್ಯಾಂಚುಗಳಲ್ಲಿ ನಡೆಸುವ ಬೈಸನ್ ಬೇಟೆಯ ಕುರಿತು ಮಾತ್ರ.

ಹಂತ 1: ಕಾನೂನು ಕೇಳುವ ಕನಿಷ್ಠವನ್ನು ತಿಳಿದುಕೊಳ್ಳಿ

ಪ್ರತಿಯೊಂದು ರಾಜ್ಯದ ನಿಯಮವೂ ಬೇರೆ. ಅಲಾಸ್ಕದ ನಿಯಮವನ್ನು ನಾನು ಮುಖ್ಯವಾಗಿ ಉದಾಹರಿಸುತ್ತೇನೆ, ಏಕೆಂದರೆ ನಾವು ಚರ್ಚಿಸಲಿರುವ ವಿಷಯದ ತಿರುಳು ಅದರಲ್ಲಿಯೇ ಇದೆ. ಬೈಸನ್, ಮೂಸ್, ಕಂದು ಕರಡಿಯಂತಹ ದೊಡ್ಡ ಪ್ರಾಣಿಗಳಿಗೆ ಅಲ್ಲಿ ಮಜಲ್‌ಲೋಡರ್ .54 ಅಥವಾ ಅದಕ್ಕಿಂತ ದೊಡ್ಡದಾಗಿರಬೇಕು, ಇಲ್ಲವೇ ಕನಿಷ್ಠ .45 ಇದ್ದು, 250 ಗ್ರೇನ್ (ಸುಮಾರು 16 ಗ್ರಾಂ) ಅಥವಾ ಹೆಚ್ಚು ತೂಕದ ಉದ್ದನೆಯ ಗುಂಡನ್ನು ಹೊಡೆಯುವಂತಿರಬೇಕು. ಅಂದರೆ ಕ್ಯಾಲಿಬರ್ ಒಂದನ್ನೇ ನೋಡದೆ, ಗುಂಡಿನ ಆಕಾರವನ್ನೂ ತೂಕವನ್ನೂ ಜೊತೆಗಿಟ್ಟು ಲೆಕ್ಕ ಹಾಕಿದ್ದಾರೆ. ಯೂಟಾ ರಾಜ್ಯದ ಹೆನ್ರಿ ಪರ್ವತಗಳಲ್ಲಿ 1941ರಲ್ಲಿ ಯೆಲ್ಲೋಸ್ಟೋನ್‌ನಿಂದ ತಂದು ಬಿಟ್ಟ 18 ಬೈಸನ್‌ಗಳಿಂದ ಬೆಳೆದ ಹಿಂಡಿದೆ. ಅಲ್ಲಿ ಪರ್ಮಿಟ್ ಸಿಕ್ಕರೆ ಜೀವಮಾನಕ್ಕೆ ಒಂದೇ ಸಲ. ಅಂತಹ ಕಡೆಗೆ ಹೋಗುವವರು ಆ ವರ್ಷದ ನಿಯಮ ಪುಸ್ತಿಕೆಯನ್ನು ಸ್ವತಃ ಓದಬೇಕು. ಗೆಳೆಯರ ಮಾತನ್ನು ನಂಬಿ ಹೊರಡಬಾರದು.

ಖಾಸಗಿ ರ‍್ಯಾಂಚಿಗೆ ಹೋಗುವವರು ಮಾಲೀಕರ ಷರತ್ತನ್ನು ಮುಂಗಡ ಕಟ್ಟುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ. ಕಾನೂನು ಒಪ್ಪುವ ಕ್ಯಾಲಿಬರನ್ನು ಮಾಲೀಕರು ಒಪ್ಪದಿರಬಹುದು, ಅದು ಅವರ ಹಕ್ಕು.

ಎಚ್-1ಬಿ ಮುಂತಾದ ವೀಸಾದಲ್ಲಿರುವವರಿಗೆ ಒಂದು ಕಿವಿಮಾತು. ಕರಿಮದ್ದನ್ನೋ ಅದರ ಬದಲಿ ಮದ್ದನ್ನೋ ಬಳಸುವ, ತೋಟಾ ಹಾಕಲಾಗದ ಮಜಲ್‌ಲೋಡರನ್ನು ಅಮೆರಿಕದ ಒಕ್ಕೂಟ ಕಾನೂನು ಸಾಮಾನ್ಯವಾಗಿ ಪುರಾತನ ಆಯುಧಗಳ ವರ್ಗಕ್ಕೆ ಸೇರಿಸಿ, ಬಂದೂಕಿನ ವ್ಯಾಖ್ಯೆಯಿಂದ ಹೊರಗಿಡುತ್ತದೆ. ಆದರೆ ನಳಿಗೆ ಬದಲಿಸಿದರೆ ತೋಟಾ ಕೋವಿಯಾಗಬಲ್ಲ ಮಾದರಿಗಳಿಗೆ ಈ ವಿನಾಯಿತಿ ಇಲ್ಲ. ರಾಜ್ಯಗಳ ಕಾನೂನು ಇದಕ್ಕಿಂತ ಬಿಗಿಯಾಗಿಯೂ ಇರಬಹುದು. ವಲಸೆ ಸ್ಥಿತಿಗೆ ಸಂಬಂಧಿಸಿದ ತಪ್ಪಿಗೆ ತೆರಬೇಕಾದ ಬೆಲೆ ಬೇಟೆಯ ಖರ್ಚಿಗಿಂತ ಬಹಳ ದೊಡ್ಡದು. ಆದ್ದರಿಂದ ಕೋವಿ ಕೊಳ್ಳುವ ಮೊದಲೇ ವಕೀಲರನ್ನು ಕೇಳಿ.

ಹಂತ 2: ಅಳತೆಯ ಭಾಷೆಯನ್ನು ಕಲಿಯಿರಿ

ಕ್ಯಾಲಿಬರ್ ಎಂದರೆ ನಳಿಗೆಯ ಒಳವ್ಯಾಸ, ಇಂಚಿನ ನೂರರ ಭಾಗಗಳಲ್ಲಿ. .50 ಎಂದರೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್; .54 ಎಂದರೆ 13.7; .58 ಎಂದರೆ 14.7; .62 ಎಂದರೆ 15.7 ಮಿಲಿಮೀಟರ್. ಹಳೆಯ ಕಾಲದಲ್ಲಿ ಇದನ್ನು ಬೋರ್ ಎಂದು ಎಣಿಸುತ್ತಿದ್ದರು: ಆ ನಳಿಗೆಗೆ ಹೊಂದುವ ಎಷ್ಟು ದುಂಡು ಗುಂಡುಗಳು ಒಂದು ಪೌಂಡ್ ಸೀಸದಲ್ಲಿ ಆಗುತ್ತವೆಯೋ ಅಷ್ಟು ಬೋರ್. ಆದ್ದರಿಂದಲೇ ಬೋರ್ ಸಂಖ್ಯೆ ಚಿಕ್ಕದಾದಷ್ಟೂ ನಳಿಗೆ ದಪ್ಪ.

ಗುಂಡಿನ ತೂಕವನ್ನೂ ಮದ್ದಿನ ಪ್ರಮಾಣವನ್ನೂ ಹೇಳುವುದು ಗ್ರೇನ್‌ನಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ಒಂದು ಗ್ರೇನ್ ಸುಮಾರು 0.065 ಗ್ರಾಂ, ಅಕ್ಕಸಾಲಿಗರ ಲೆಕ್ಕದಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಅರ್ಧ ಗುಲಗಂಜಿ. ಗ್ರೇನ್ ಎಂಬುದನ್ನು ಗ್ರಾಂ ಎಂದು ಓದಿಕೊಳ್ಳುವುದು ಹೊಸಬರು ಮಾಡುವ ಅತ್ಯಂತ ಅಪಾಯದ ತಪ್ಪು. 100 ಗ್ರೇನ್ ಮದ್ದು ಎಂದರೆ ಆರೂವರೆ ಗ್ರಾಂ ಮಾತ್ರ. ಅಡುಗೆಮನೆಯ ತಕ್ಕಡಿಯಲ್ಲಿ 100 ಗ್ರಾಂ ತೂಗಿದವನು ಹದಿನೈದು ಪಟ್ಟು ಮದ್ದು ತುಂಬಿದಂತಾಗುತ್ತದೆ. ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ: ಗುಂಡನ್ನು ತೂಗಿ ಹೇಳುತ್ತಾರೆ, ಮದ್ದನ್ನು ಮಾತ್ರ ತೂಗದೆ ಗೆರೆ ಹಾಕಿದ ಅಳತೆ ಕೊಳವೆಯಲ್ಲಿ ಅಳೆಯುತ್ತಾರೆ. ಬದಲಿ ಮದ್ದುಗಳು ಕರಿಮದ್ದಿಗಿಂತ ಹಗುರ ಅಥವಾ ಚುರುಕಾಗಿರುವುದರಿಂದ, ಡಬ್ಬಿಯ ಮೇಲೆ ತಯಾರಕರು ಹೇಳಿದ ಅಳತೆಯನ್ನೇ ಪಾಲಿಸಬೇಕು.

ಹಂತ 3: ದುಂಡು ಗುಂಡೋ ಉದ್ದ ಗುಂಡೋ, ಮೊದಲು ನಿರ್ಧರಿಸಿ

ಕ್ಯಾಲಿಬರ್ ಆಯ್ಕೆ ನಿಜವಾಗಿ ನಿಂತಿರುವುದು ಇದರ ಮೇಲೆ. ಹೆಚ್ಚಿನವರು ಈ ಹಂತವನ್ನು ಹಾರಿಸಿ ನೇರವಾಗಿ ಅಂಗಡಿಗೆ ಹೋಗುತ್ತಾರೆ, ಆಮೇಲೆ ಪರಿತಪಿಸುತ್ತಾರೆ.

ದುಂಡು ಗುಂಡು ಎಂದರೆ ಎಣ್ಣೆ ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿ ನಳಿಗೆಗೆ ಇಳಿಸುವ ಸೀಸದ ಗೋಲಿ. ಅದರ ತೂಕವನ್ನು ಹೆಚ್ಚಿಸಲು ವ್ಯಾಸವನ್ನು ಹೆಚ್ಚಿಸದೆ ಬೇರೆ ದಾರಿಯಿಲ್ಲ. ಆದರೆ ವ್ಯಾಸ ಸ್ವಲ್ಪ ಹೆಚ್ಚಿದರೂ ತೂಕ ಅದರ ಘನದಷ್ಟು ಏರುತ್ತದೆ. .50 ಕೋವಿಗೆ ಹಾಕುವ .490 ಗೋಲಿಯ ತೂಕ 177 ಗ್ರೇನ್; .54ರ .530 ಗೋಲಿ 224 ಗ್ರೇನ್; .58ರ .570 ಗೋಲಿ 278 ಗ್ರೇನ್; .62ಕ್ಕೆ ಹಾಕುವ .600 ಗೋಲಿ 325 ಗ್ರೇನ್. .50ರಿಂದ .54ಕ್ಕೆ ಹೋದಾಗ ವ್ಯಾಸ ಶೇಕಡಾ 8ರಷ್ಟು ಮಾತ್ರ ಹೆಚ್ಚಿದರೂ ಸೀಸ ಶೇಕಡಾ 26ರಷ್ಟು ಹೆಚ್ಚಿತು. ದುಂಡು ಗುಂಡು ಹೊಡೆಯುವವರು ಅಷ್ಟು ಚಿಕ್ಕ ವ್ಯತ್ಯಾಸಕ್ಕಾಗಿ ಏಕೆ ಅಷ್ಟೊಂದು ವಾದಿಸುತ್ತಾರೆ ಎಂಬುದು ಈ ಲೆಕ್ಕದಿಂದ ಅರ್ಥವಾಗುತ್ತದೆ.

ಉದ್ದ ಗುಂಡು ಎಂದರೆ ಮೂತಿ ಚೂಪಾದ ಅಥವಾ ಚಪ್ಪಟೆಯಾದ, ಕೊಳವೆಯಾಕಾರದ ಸೀಸದ ಗುಂಡು. ಇಲ್ಲಿ ವ್ಯಾಸವನ್ನು ಹಾಗೆಯೇ ಇಟ್ಟು ಉದ್ದವನ್ನು ಹೆಚ್ಚಿಸಿ ತೂಕ ಸೇರಿಸಬಹುದಾದ್ದರಿಂದ, .50 ಕೋವಿಯಲ್ಲಿಯೇ 400 ಗ್ರೇನ್ ದಾಟಿದ ಗುಂಡುಗಳು ಸಿಗುತ್ತವೆ. ಒಂದೇ ಅಡ್ಡಗಾತ್ರದ ಹಿಂದೆ ಎರಡು ಪಟ್ಟಿಗೂ ಹೆಚ್ಚು ತೂಕ ನಿಂತಾಗ ಅದು ಚರ್ಮ, ಪಕ್ಕೆಲುಬು, ಭುಜದ ಮಾಂಸಗಳನ್ನು ಸೀಳಿಕೊಂಡು ಬಹಳ ಆಳಕ್ಕೆ ಹೋಗುತ್ತದೆ.

ಎರಡೂ ಗಾಳಿಯಲ್ಲಿ ಹೇಗೆ ಸೋಲುತ್ತವೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. .54 ಕೋವಿಯ 224 ಗ್ರೇನ್ ಗೋಲಿ, ಅಂದರೆ 14.5 ಗ್ರಾಂ, ಸೆಕೆಂಡಿಗೆ ಸುಮಾರು 490 ಮೀಟರ್ ವೇಗದಲ್ಲಿ ಹೊರಟಿತೆಂದುಕೊಳ್ಳಿ. ಅದರ ಶಕ್ತಿ ಸುಮಾರು 1740 ಜೂಲ್. 100 ಗಜ, ಅಂದರೆ 91 ಮೀಟರ್ ದಾಟುವಷ್ಟರಲ್ಲಿ ವೇಗ ಸುಮಾರು 300 ಮೀಟರಿಗೆ ಇಳಿದು, ಶಕ್ತಿ 650 ಜೂಲ್ ಮಾತ್ರ ಉಳಿಯುತ್ತದೆ. ಮೂರರಲ್ಲಿ ಹೆಚ್ಚುಕಡಿಮೆ ಎರಡು ಪಾಲು ಗಾಳಿಗೇ ಹೋಯಿತು. 400 ಗ್ರೇನ್‌ನ ಉದ್ದ ಗುಂಡು 400 ಮೀಟರ್ ವೇಗದಲ್ಲಿ, ಅಂದರೆ ಗೋಲಿಗಿಂತ ನಿಧಾನವಾಗಿಯೇ ಹೊರಟರೂ ಅದೇ ದೂರದಲ್ಲಿ ತನ್ನ ಸುಮಾರು 2070 ಜೂಲ್‌ನಲ್ಲಿ ಮೂರನೆಯ ಎರಡು ಪಾಲನ್ನು ಉಳಿಸಿಕೊಂಡಿರುತ್ತದೆ. ಮದ್ದು ಮತ್ತು ನಳಿಗೆಗೆ ತಕ್ಕಂತೆ ಈ ಅಂಕಿಗಳು ಹಿಂದುಮುಂದಾಗುತ್ತವೆ. ಆದರೆ ಎರಡು ಗುಂಡುಗಳ ನಡುವಿನ ಅಂತರ ಮಾತ್ರ ಎಲ್ಲ ಕೋವಿಗಳಲ್ಲಿಯೂ ಕಾಣುತ್ತದೆ.

ಸ್ಯಾಬೋ ಎಂಬ ಮೂರನೆಯ ಬಗೆಯೂ ಇದೆ. ಅದು ಚಿಕ್ಕ ವ್ಯಾಸದ ಗುಂಡನ್ನು ಹಿಡಿದುಕೊಂಡು ಹೋಗಿ, ನಳಿಗೆಯ ಹೊರಗೆ ಕಳಚಿ ಬೀಳುವ ಪ್ಲಾಸ್ಟಿಕ್ ಬಟ್ಟಲು. ಜಿಂಕೆಗೆಂದು ಮಾಡಿದ, ತಗುಲಿದೊಡನೆ ಅರಳುವ ಟೊಳ್ಳು ಮೂತಿಯ ಹಗುರ ಗುಂಡುಗಳನ್ನು ಸ್ಯಾಬೋದಲ್ಲಿಟ್ಟು ಬೈಸನ್‌ಗೆ ಹೊಡೆಯಬೇಡಿ. ಬಳಸಲೇಬೇಕೆಂದರೆ 300 ಗ್ರೇನ್ ಅಥವಾ ಹೆಚ್ಚಿನ, ಒಡೆಯದೆ ಒಂದಾಗಿ ಉಳಿಯುವ ಗಟ್ಟಿ ಗುಂಡನ್ನು ಆರಿಸಿ. ಕೊಲೊರಾಡೋದಂತಹ ಕೆಲವು ರಾಜ್ಯಗಳ ಮಜಲ್‌ಲೋಡರ್ ಋತುವಿನಲ್ಲಿ ಸ್ಯಾಬೋಗೆ ಅವಕಾಶವೇ ಇಲ್ಲ ಎಂಬುದೂ ನೆನಪಿರಲಿ.

ಹಂತ 4: ಈಗ ಕ್ಯಾಲಿಬರ್ ಆರಿಸಿ

ಪೂರ್ತಿ ಬೆಳೆದ ಗಂಡು ಬೈಸನ್ 900 ಕಿಲೋವರೆಗೂ ತೂಗಬಹುದು; ಹೆಣ್ಣು 450 ಕಿಲೋದ ಆಸುಪಾಸಿನಲ್ಲಿರುತ್ತದೆ. ಎರಡಕ್ಕೂ ಒಂದೇ ಉತ್ತರ ಹೇಳುವುದು ಸರಿಯಲ್ಲ.

ದುಂಡು ಗುಂಡಿನಲ್ಲಿಯೇ ಹೊಡೆಯಬೇಕೆಂಬ ಆಸೆಯಿದ್ದರೆ, ಹೆಣ್ಣಿಗೆ ಅಥವಾ ಎಳೆಯ ಗಂಡಿಗೆ .54 ಕನಿಷ್ಠ, ಅದೂ 50 ಗಜದೊಳಗೆ, ಪ್ರಾಣಿ ಪೂರ್ತಿ ಅಡ್ಡಲಾಗಿ ನಿಂತಾಗ ಮಾತ್ರ. ದೊಡ್ಡ ಗಂಡಿಗೆ .58ಕ್ಕಿಂತ ಕೆಳಗಿಳಿಯಬೇಡಿ; .62 ಇನ್ನೂ ಒಳ್ಳೆಯದು. .50ರ ಗೋಲಿಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಒದ್ದೆ ಮಾಡಿದ ಪತ್ರಿಕೆಗಳ ಕಂತೆಗೆ ಹತ್ತಿರದಿಂದ ಹೊಡೆದು ಬಿಡಿಸಿ ನೋಡಿದಾಗ, ಶುದ್ಧ ಸೀಸದ ಆ ಗೋಲಿ ಹಳೆಯ ಎಂಟಾಣೆಯಂತೆ ಚಪ್ಪಟೆಯಾಗಿ, ಒಂದು ಬದಿಯಲ್ಲಿ ಬಟ್ಟೆಯ ನೇಯ್ಗೆಯ ಗುರುತನ್ನೂ ಉಳಿಸಿಕೊಂಡು ಸಿಕ್ಕಿತ್ತು. ಜಿಂಕೆಯ ತೆಳು ಪಕ್ಕೆಗೆ ಆ ಅರಳುವಿಕೆ ಅನುಕೂಲ. ಬೈಸನ್ನಿನ ದಪ್ಪ ತೊಗಲು ಮತ್ತು ಭುಜದ ಮಾಂಸದೊಳಗೆ ಅದೇ ಗುಂಡನ್ನು ಅರ್ಧ ದಾರಿಯಲ್ಲಿ ನಿಲ್ಲಿಸಿಬಿಡುತ್ತದೆ. ಹಿಂದಿನವರು ದೊಡ್ಡ ಬೇಟೆಗೆ ಸೀಸಕ್ಕೆ ಸ್ವಲ್ಪ ತವರ ಬೆರೆಸಿ ಗೋಲಿಯನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ.

ಉದ್ದ ಗುಂಡಿನ ವಿಷಯದಲ್ಲಿ .50 ಸಾಕು. ತೂಕ 400 ಗ್ರೇನ್‌ನ ಮೇಲಿರಲಿ, ಮೂತಿ ಚಪ್ಪಟೆಯಾಗಿರಲಿ, ದೂರ 100 ಗಜ ಮೀರದಿರಲಿ. .54 ಮತ್ತು .58ರ ಉದ್ದ ಗುಂಡುಗಳು ಇನ್ನೂ ಭಾರ, ಇನ್ನೂ ಭರವಸೆಯವು. ಆದರೆ ಒದೆತವೂ ಅಷ್ಟೇ ಹೆಚ್ಚು. ಅಲಾಸ್ಕದ ಕಾನೂನು ಒಪ್ಪಿದರೂ .45 ಅನ್ನು ನಾನು ಬೈಸನ್‌ಗೆ ಆರಿಸುವುದಿಲ್ಲ. ಕಾನೂನಿನ ಕನಿಷ್ಠ ಬೇರೆ, ಗಾಯಗೊಂಡು ಓಡುವ 900 ಕಿಲೋ ಪ್ರಾಣಿಯ ಮುಂದೆ ನಿಂತಾಗ ಬೇಕೆನಿಸುವ ಸೀಸ ಬೇರೆ.

"ಹಿಂದಿನ ಕಾಲದಲ್ಲಿ ಸಾವಿರಾರು ಬಫಲೋಗಳನ್ನು ಸಣ್ಣ ಕೋವಿಗಳಲ್ಲೇ ಹೊಡೆದರಲ್ಲ?" ಎಂದು ಕೇಳುವವರಿದ್ದಾರೆ. ಸೇಂಟ್ ಲೂಯಿಸ್‌ನಲ್ಲಿ ಜೇಕಬ್ ಮತ್ತು ಸ್ಯಾಮ್ಯುಯೆಲ್ ಹಾಕನ್ ಸಹೋದರರು ತುಪ್ಪಳ ವ್ಯಾಪಾರದ ಬೇಟೆಗಾರರಿಗೆ ಮಾಡಿಕೊಡುತ್ತಿದ್ದ ಹೆಸರಾಂತ ಕೋವಿಗಳು .50ರಿಂದ .54ರ ಆಸುಪಾಸಿನವು, ಪೌಂಡಿಗೆ 32 ಗೋಲಿಯಾಗುವ ಅರ್ಧ ಔನ್ಸ್ ಸೀಸದವು ಎಂಬುದು ನಿಜ. ಕುದುರೆಯೇರಿ ಹಿಂಡಿನ ಪಕ್ಕದಲ್ಲಿಯೇ ಓಡುತ್ತ, ಬಾಯಲ್ಲಿಟ್ಟುಕೊಂಡ ಗೋಲಿಗಳನ್ನು ನಳಿಗೆಗೆ ಉಗಿದು ಮತ್ತೆ ಮತ್ತೆ ಹೊಡೆಯುತ್ತಿದ್ದ ಬಯಲು ಸೀಮೆಯ ಮೂಲನಿವಾಸಿಗಳು ಮತ್ತು ಮೆಟಿ (ಮೂಲನಿವಾಸಿ ಹಾಗೂ ಯುರೋಪಿಯನ್ ಮಿಶ್ರ ಮೂಲದ) ಬೇಟೆಗಾರರ ಕೋವಿಗಳೂ ಬಹಳ ದೊಡ್ಡವಲ್ಲ. ಆದರೆ ಅವರು ಹೊಡೆಯುತ್ತಿದ್ದುದು ಕೆಲವೇ ಗಜಗಳ ದೂರದಿಂದ, ಒಂದು ಈಡಿನಲ್ಲಿ ಬೀಳದಿದ್ದರೆ ಇನ್ನೊಂದು ಈಡು ಹೊಡೆಯುವ ಸಿದ್ಧತೆಯಿಂದ. 1870ರ ದಶಕದಲ್ಲಿ ತೊಗಲಿಗಾಗಿ ದೂರದಿಂದ ಹಿಂಡುಗಳನ್ನೇ ಉರುಳಿಸಿದವರು ಬಳಸಿದ್ದು ಮಜಲ್‌ಲೋಡರನ್ನಲ್ಲ, ಶಾರ್ಪ್ಸ್‌ನಂತಹ ತೋಟಾ ಕೋವಿಗಳನ್ನು. ಆ ಕಾಲದ ಉದಾಹರಣೆಯನ್ನು ಈಗಿನ ಒಂದೇ ಈಡಿನ ಬೇಟೆಗೆ ತಂದು ಜೋಡಿಸಬಾರದು.

ಆಫ್ರಿಕದ ಕೇಪ್ ಬಫಲೋ ಕುರಿತೂ ಕೆಲವರು ಕೇಳುತ್ತಾರೆ. ಅದು ಬೇರೆಯೇ ಪ್ರಾಣಿ, ತಿರುಗಿ ಬೀಳುವ ಸ್ವಭಾವದ್ದು. ಮೇಲಿನ ಅಂಕಿಗಳನ್ನು ಅದಕ್ಕೆ ಅನ್ವಯಿಸಬೇಡಿ. ಆಫ್ರಿಕದ ದೊಡ್ಡ ಪ್ರಾಣಿಗಳ ಬೇಟೆಗೆ ಬ್ರಿಟಿಷ್ ಬೇಟೆಗಾರ ಫ್ರೆಡ್ರಿಕ್ ಸೆಲೂಸ್ 1870ರ ದಶಕದಲ್ಲಿ ಹೊತ್ತು ತಿರುಗಿದ್ದು ಪೌಂಡಿಗೆ ನಾಲ್ಕೇ ಗೋಲಿಯಾಗುವ ಫೋರ್ ಬೋರ್ ಮಜಲ್‌ಲೋಡರ್ ಎಂದರೆ ಅಂತರ ತಿಳಿಯುತ್ತದೆ.

ಹಂತ 5: ನಳಿಗೆಯ ತಿರುಪು ಗುಂಡಿಗೆ ಹೊಂದುತ್ತದೆಯೇ ನೋಡಿ

ಗುಂಡು ತಿರುಗುತ್ತ ಹೋಗಲೆಂದು ನಳಿಗೆಯೊಳಗೆ ಕೊರೆದ ಸುರುಳಿ ಗೆರೆಗಳಿಗೆ ರೈಫ್ಲಿಂಗ್ ಎನ್ನುತ್ತಾರೆ. ಎಷ್ಟು ಇಂಚಿಗೆ ಒಂದು ಪೂರ್ಣ ಸುತ್ತು ಎಂಬುದೇ ಟ್ವಿಸ್ಟ್. ದುಂಡು ಗುಂಡಿಗೆ ನಿಧಾನದ ತಿರುಪು, ಅಂದರೆ 60ರಿಂದ 72 ಇಂಚಿಗೆ ಒಂದು ಸುತ್ತು ಸರಿಹೊಂದುತ್ತದೆ. ಉದ್ದ ಗುಂಡಿಗೆ 20ರಿಂದ 32 ಇಂಚಿಗೊಂದು ಸುತ್ತು ಬೇಕು. 48 ಇಂಚಿನದು ಎರಡಕ್ಕೂ ಒಂದಿಷ್ಟು ಹೊಂದಿಕೊಳ್ಳುವ ರಾಜಿ. ನಿಧಾನ ತಿರುಪಿನ ಸೊಗಸಾದ .54 ಕೋವಿ ಕೊಂಡು, ಅದರಲ್ಲಿ ಉದ್ದ ಗುಂಡು ಹೊಡೆದು, ಗುರಿಹಲಗೆಯಲ್ಲಿ ಗುಂಡು ಅಡ್ಡಡ್ಡ ಬಿದ್ದ ಕೀಲಿರಂಧ್ರದಂತಹ ತೂತು ಕಂಡು ಬೆಪ್ಪಾದವರನ್ನು ನಾನು ಬಲ್ಲೆ. ಟ್ವಿಸ್ಟ್ ಸಂಖ್ಯೆಯನ್ನು ಸಾಮಾನ್ಯವಾಗಿ ನಳಿಗೆಯ ಮೇಲೆಯೇ ಕೆತ್ತಿರುತ್ತಾರೆ. ಕೊಳ್ಳುವ ಮುನ್ನ ಓದಿ.

ಹಂತ 6: ಮದ್ದನ್ನು ಹದಕ್ಕೆ ತನ್ನಿ

ಕರಿಮದ್ದು ಅಥವಾ ಮಜಲ್‌ಲೋಡರಿಗೆಂದೇ ಮಾಡಿದ ಬದಲಿ ಮದ್ದನ್ನು ಮಾತ್ರ ಬಳಸಿ. ತೋಟಾಗಳಿಗೆ ತುಂಬುವ ಹೊಗೆರಹಿತ ಮದ್ದನ್ನು ಸಾಮಾನ್ಯ ಮಜಲ್‌ಲೋಡರಿಗೆ ಒಂದು ಚಿಟಿಕೆಯೂ ಹಾಕಬಾರದು. ನಳಿಗೆ ಸಿಡಿದು ಕೈ, ಕಣ್ಣು ಹೋಗುತ್ತವೆ. ಕರಿಮದ್ದಿನ ಕಾಳಿನ ಗಾತ್ರವನ್ನು ಎಫ್ ಅಕ್ಷರದಿಂದ ಸೂಚಿಸುತ್ತಾರೆ, ಎಫ್ ಹೆಚ್ಚಿದಷ್ಟೂ ಕಾಳು ಸಣ್ಣದು, ಉರಿ ಚುರುಕು. .50ರ ಮೇಲಿನ ಕೋವಿಗಳಿಗೆ ಸಾಮಾನ್ಯವಾಗಿ ಡಬಲ್ ಎಫ್ ಸಾಕು.

ಕೋವಿಯ ತಯಾರಕರು ಹೇಳಿದ ಗರಿಷ್ಠ ಅಳತೆಯೇ ಮಿತಿ. ಅದರೊಳಗೆ 70 ಗ್ರೇನ್‌ನಿಂದ ಆರಂಭಿಸಿ ಹತ್ತು ಹತ್ತು ಏರಿಸುತ್ತ, ಪ್ರತಿ ಅಳತೆಯಲ್ಲೂ ಮೂರು ಗುಂಡು ಹೊಡೆದು, ಗುಂಡುಗಳು ಅತಿ ಒತ್ತಾಗಿ ಬೀಳುವ ಅಳತೆಯನ್ನು ಗುರುತಿಸಿಕೊಳ್ಳಿ. ಹೆಚ್ಚು ಮದ್ದು ಹಾಕಿ ಸಣ್ಣ ಕ್ಯಾಲಿಬರಿನ ಕೊರತೆ ತುಂಬುತ್ತೇನೆ ಎನ್ನುವುದು ಬರಿಯ ಭ್ರಮೆ, ಏಕೆಂದರೆ ದುಂಡು ಗುಂಡು ಎಷ್ಟು ವೇಗವಾಗಿ ಹೊರಟರೆ ಗಾಳಿ ಅದನ್ನು ಅಷ್ಟೇ ಬೇಗ ತಡೆಯುತ್ತದೆ.

ಮದ್ದನ್ನು ಅದನ್ನು ತುಂಬಿಟ್ಟುಕೊಳ್ಳುವ ಬುರುಡೆಯಿಂದ ನೇರವಾಗಿ ನಳಿಗೆಗೆ ಸುರಿಯಬೇಡಿ. ಒಳಗೆ ಕಿಡಿಯೊಂದು ಉಳಿದಿದ್ದರೆ ಬುರುಡೆಯೇ ಬಾಂಬಾಗುತ್ತದೆ. ಅಳತೆ ಕೊಳವೆಗೆ ಹಾಕಿಕೊಂಡು ಆಮೇಲೆ ಸುರಿಯಿರಿ. ಗುಂಡು ಮದ್ದಿನ ಮೇಲೆ ಗಟ್ಟಿಯಾಗಿ ಕೂತಿರಬೇಕು, ನಡುವೆ ಪೊಳ್ಳು ಉಳಿದರೆ ನಳಿಗೆ ಉಬ್ಬಬಹುದು ಅಥವಾ ಸೀಳಬಹುದು. ಸರಿಯಾಗಿ ತುಂಬಿದಾಗ ಗಜ ನಳಿಗೆಯ ಬಾಯಿಗೆ ಎಲ್ಲಿ ಬರುತ್ತದೆಯೋ ಅಲ್ಲಿ ಒಂದು ಗೆರೆ ಕೊರೆದುಕೊಂಡರೆ ಪ್ರತಿ ಸಲವೂ ಕಣ್ಣಿಗೇ ತಿಳಿಯುತ್ತದೆ; ಗೆರೆ ನಳಿಗೆಯ ಬಾಯಿಗಿಂತ ಮೇಲೆ ನಿಂತರೆ ಎರಡು ಸಲ ಮದ್ದು ಹಾಕಿದ್ದೀರಿ ಅಥವಾ ಗುಂಡು ಪೂರ್ತಿ ಇಳಿದಿಲ್ಲ. ಮದ್ದಿಗೆ ಕಿಡಿ ಕೊಡುವ ಪುಟ್ಟ ಟೊಪ್ಪಿಯಾದ ಕೇಪು ಸಿಡಿದು ಈಡು ಹಾರದಿದ್ದರೆ ಕನಿಷ್ಠ ಒಂದು ನಿಮಿಷ ಕೋವಿಯನ್ನು ಗುರಿಯ ಕಡೆಗೇ ಹಿಡಿದಿರಿ, ತಡವಾಗಿ ಹಾರುವುದುಂಟು.

ಹಂತ 7: ನಿಮ್ಮ ದೂರವನ್ನು ನೀವೇ ಕಂಡುಕೊಳ್ಳಿ

ಸುಮಾರು 20 ಸೆಂಟಿಮೀಟರ್ ಅಗಲದ ಊಟದ ಕಾಗದದ ತಟ್ಟೆಯನ್ನು ಗುರಿಯಾಗಿಡಿ. ಬೆಂಚಿನ ಆಸರೆಯಲ್ಲಿ ಕೂತು ಹೊಡೆಯುವುದನ್ನು ಬಿಟ್ಟು, ಬೇಟೆಯಲ್ಲಿ ಹೇಗೆ ನಿಲ್ಲುತ್ತೀರೋ ಹಾಗೆಯೇ ಕವೆಗೋಲಿನ ಮೇಲೆ ಕೋವಿಯಿಟ್ಟು ಹೊಡೆಯಿರಿ. ತಣ್ಣಗಿನ ನಳಿಗೆಯ ಮೊದಲ ಗುಂಡು ಯಾವ ದೂರದವರೆಗೆ ತಪ್ಪದೆ ತಟ್ಟೆಗೆ ಬೀಳುತ್ತದೆಯೋ ಅದೇ ನಿಮ್ಮ ಮಿತಿ. .62ರ ಒದೆತಕ್ಕೆ ಹೆದರಿ ಕಣ್ಣು ಮುಚ್ಚುವವರಿಗಿಂತ, ಉದ್ದ ಗುಂಡಿನ .50 ಅನ್ನು ನಡುಗದೆ ಹೊಡೆಯುವವರು ಬಹಳ ವಾಸಿ.

ಹಂತ 8: ಗುಂಡು ಎಲ್ಲಿ ಬೀಳಬೇಕೆಂಬುದನ್ನು ಮನಸ್ಸಿನಲ್ಲಿ ಕೂರಿಸಿಕೊಳ್ಳಿ

ಸರಿಯಾದ ಕ್ಯಾಲಿಬರ್ ಇದ್ದೂ ಬೇಟೆ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಬೈಸನ್ನಿನ ಡುಬ್ಬದೊಳಗೆ ಇರುವುದು ಶ್ವಾಸಕೋಶವಲ್ಲ. ಬೆನ್ನುಮೂಳೆಯಿಂದ ಮೇಲಕ್ಕೆ ಒಂದೂವರೆ ಅಡಿಯಷ್ಟು ಚಾಚಿದ ಮೂಳೆಯ ಕಡ್ಡಿಗಳು ಮತ್ತು ಆ ಭಾರದ ತಲೆಯನ್ನು ಎತ್ತಿಹಿಡಿಯುವ ಮಾಂಸ. ಜಿಂಕೆಗೆ ಗುರಿಯಿಟ್ಟು ಅಭ್ಯಾಸವಾದ ಕಣ್ಣು ಡುಬ್ಬದಿಂದ ಎದೆಯವರೆಗಿನ ಇಡೀ ಎತ್ತರವನ್ನು ನೋಡಿ ಅದರ ನಡುಮಧ್ಯವನ್ನು ಆರಿಸುತ್ತದೆ, ಗುಂಡು ಶ್ವಾಸಕೋಶದ ಮೇಲಿನಿಂದ ಹಾದುಹೋಗುತ್ತದೆ. ಇದಕ್ಕೆ ವಿರುದ್ಧವಾದ ಮೋಸವೂ ಒಂದಿದೆ: ಎದೆಯಡಿಯಲ್ಲಿ ಜೋತುಬಿದ್ದ ಕೂದಲು ದೇಹದ ಕೆಳಗಿನ ಅಂಚನ್ನು ಇರುವುದಕ್ಕಿಂತ ಕೆಳಗೆ ತೋರಿಸುತ್ತದೆ. ಕೂದಲನ್ನು ಕಳೆದು ಎದೆಯ ನಿಜವಾದ ಅಂಚನ್ನು ಅಂದಾಜಿಸಿ, ಪ್ರಾಣಿ ಅಡ್ಡಲಾಗಿ ನಿಂತಾಗ ಮುಂಗಾಲಿನ ಹಿಂದೆಯೇ, ದೇಹದ ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಗುರಿಯಿಡಿ. ತಲೆಗೆ ಹೊಡೆಯಲು ಹೋಗಬೇಡಿ. ಜಡೆಗಟ್ಟಿದ ಕೂದಲು ಮತ್ತು ದಪ್ಪ ಬುರುಡೆಯನ್ನು ಸೀಸದ ಗುಂಡು ದಾಟುತ್ತದೆ ಎಂಬ ಭರವಸೆಯಿಲ್ಲ. ಎದುರಿನಿಂದ ಅಥವಾ ಓರೆಯಾಗಿ ನಿಂತಿದ್ದರೆ ಕಾಯಿರಿ.

ಬೈಸನ್ ಒಂಟಿಯಾಗಿ ನಿಲ್ಲುವುದು ಅಪರೂಪ. ಭಾರದ ಉದ್ದ ಗುಂಡು ಒಂದನ್ನು ತೂರಿ ಹಿಂದಿನದಕ್ಕೂ ತಗುಲಬಹುದು, ಎರಡನೆಯದರ ಹಣವನ್ನೂ ನೀವೇ ತೆರಬೇಕಾಗುತ್ತದೆ. ನಿಮ್ಮ ಪ್ರಾಣಿಯ ಹಿಂದೆ ಬಯಲು ಕಾಣುವವರೆಗೆ ಕುದುರೆಯನ್ನು, ಅಂದರೆ ಕೇಪಿನ ಮೇಲೆ ಬಡಿಯುವ ಸುತ್ತಿಗೆಯನ್ನು, ಹಿಂದಕ್ಕೆಳೆಯಬೇಡಿ.

ಹಂತ 9: ಈಡು ಹಾರಿದ ಮೇಲೆ

ಹೊಗೆ ಚದುರುವ ಮೊದಲೇ ಮತ್ತೆ ತುಂಬಲು ಆರಂಭಿಸಿ. ಅಳೆದ ಮದ್ದು, ಗುಂಡು, ಕೇಪುಗಳನ್ನು ಪುಟ್ಟ ಕೊಳವೆಗಳಲ್ಲಿ ಮೊದಲೇ ಜೋಡಿಸಿಟ್ಟುಕೊಂಡಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಸರಿಯಾದ ಜಾಗಕ್ಕೆ ಗುಂಡು ಬಿದ್ದರೂ ಬೈಸನ್ ಏನೂ ಆಗದಂತೆ ಕೆಲ ಹೊತ್ತು ನಿಂತೇ ಇರಬಹುದು. ಅದು ನಿಂತಿರುವವರೆಗೆ ಎರಡನೆಯ ಗುಂಡಿಗೆ ಸಿದ್ಧರಾಗಿರಿ. ತೋಟಾ ಕೋವಿ ಹಿಡಿದ ಗೈಡ್ ಪಕ್ಕದಲ್ಲಿರಲೆಂದು ಮೊದಲೇ ಕೇಳಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಬಿದ್ದ ಪ್ರಾಣಿಯ ಬಳಿಗೆ ಹಿಂದಿನಿಂದ ಹೋಗಿ, ಉದ್ದ ಕೋಲಿನಿಂದ ಕಣ್ಣು ಮುಟ್ಟಿ ನೋಡಿ. ರೆಪ್ಪೆ ಅಲುಗಿದರೆ ಇನ್ನೂ ಜೀವವಿದೆ. ಹಿಂಡಿನ ಉಳಿದವು ಬಿದ್ದದ್ದರ ಸುತ್ತ ನೆರೆಯುವುದುಂಟು, ಅವು ಚದುರುವವರೆಗೆ ಹತ್ತಿರ ಹೋಗಬೇಡಿ.

ಆ ದಪ್ಪ ತೊಗಲು ಮೈಯ ಕಾವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಚಳಿಯ ದಿನದಲ್ಲಿಯೂ ಮಾಂಸ ಕೆಡಬಹುದು. ಹೊಟ್ಟೆ ತೆಗೆದು ತೊಗಲು ಸುಲಿಯುವ ಕೆಲಸವನ್ನು ತಡಮಾಡದೆ ಮಾಡಿಸಿ. ಗುಂಡು ಹೊಕ್ಕ ಜಾಗದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಎಸೆಯಿರಿ, ಸೀಸದ ಚೂರುಗಳು ಅಲ್ಲಿ ಉಳಿದಿರುತ್ತವೆ. ಕರಿಮದ್ದಿನ ಮಸಿ ತೇವ ಹೀರಿ ಉಕ್ಕನ್ನು ತಿನ್ನುವುದರಿಂದ, ಎಷ್ಟೇ ದಣಿದಿದ್ದರೂ ಅದೇ ರಾತ್ರಿ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಚಿಂದಿ ಬಟ್ಟೆ ಬೆಳ್ಳಗೆ ಹೊರಬರುವವರೆಗೆ ಒರೆಸಿ, ಎಣ್ಣೆ ಸವರಿಡಿ.